ಹಸುವಿಗೆ, ಎತ್ತಿಗೆ: ಬಾಯಿ ಬಲ್ಲ ವ್ಯಾಕರಣ

ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ದನಕರುಗಳಿಗೆ ಹೆಸರಾದ ಊರು. ಗಾಡಿಗೂ ನೇಗಿಲಿಗೂ ಸೈ ಎನಿಸಿಕೊಂಡ ಗಟ್ಟಿಮುಟ್ಟಾದ ದನದ ತಳಿಯೊಂದಕ್ಕೆ ಈ ಊರಿನ ಹೆಸರೇ ಇದೆ. ಇಲ್ಲಿಯ ರೈತರ ಮಾತಿನಲ್ಲಿ ಸದಾ ಸುಳಿಯುವ ಎರಡು ತಮಿಳು ಪದಗಳು ‘ಪಸು’ ಮತ್ತು ‘ಮಾಡು’. ಮೊದಲನೆಯದು ಹಸು, ಎರಡನೆಯದು ದನ. ಬರಹದಲ್ಲಿ ಎರಡರ ಕೊನೆಗೂ ಉಕಾರವೇ. ಆದರೆ ಮಾತನಾಡುವವರ ತುಟಿ ಗಮನಿಸಿ. ‘ಪಸು’ ಎನ್ನುವಾಗ ಅದು ದುಂಡಗಾಗುತ್ತದೆ, ‘ಮಾಡು’ ಎನ್ನುವಾಗ ಆಗುವುದಿಲ್ಲ. ಕೇಳಿಸುವುದು ಅತ್ತ ಉ ಅಲ್ಲದ, ಇತ್ತ ಇ ಅಲ್ಲದ ಒಂದು ಮೋಟು ಸ್ವರ.

ತಮಿಳರು ಇದನ್ನು ‘ಕುಟ್ರಿಯಲುಗರಂ’ ಎನ್ನುತ್ತಾರೆ, ಅಂದರೆ ಮೊಟಕಾದ ಉಕಾರ. ತಮಿಳಿನ ಅತಿ ಹಳೆಯ ವ್ಯಾಕರಣವಾದ ತೊಲ್ಕಾಪ್ಪಿಯಂ ಇದಕ್ಕೆ ಅರ್ಧ ಮಾತ್ರೆಯ ಕಾಲವನ್ನಷ್ಟೇ ಕೊಟ್ಟಿದೆ. ಸಾಮಾನ್ಯ ಹ್ರಸ್ವ ಸ್ವರಕ್ಕೆ ಒಂದು ಮಾತ್ರೆ. ನಿಯಮವೂ ಸ್ಪಷ್ಟವಾಗಿದೆ: ಕ, ಚ, ಟ, ತ, ಪದಂಥ ಗಟ್ಟಿ ವ್ಯಂಜನದ ಮೇಲೆ ಕುಳಿತು ಪದದ ಕೊನೆಗೆ ಬಂದ ಉಕಾರ ಮೊಟಕಾಗುತ್ತದೆ. ಆದರೆ ಅದರ ಹಿಂದೆ ಒಂದೇ ಒಂದು ಲಘು ಅಕ್ಷರವಿದ್ದರೆ ಉಕಾರ ಪೂರ್ಣವಾಗಿಯೇ ಉಳಿಯುತ್ತದೆ. ‘ಪಸು’ ಉಳಿಸಿಕೊಂಡದ್ದು ಹಾಗೆ.

ಪೂರ್ಣ ಉಕಾರಕ್ಕೆ ಬಾಯಿ ಎರಡು ಕೆಲಸ ಮಾಡಬೇಕು. ನಾಲಗೆಯ ಹಿಂಭಾಗ ಮೆದು ಅಂಗುಳಿನತ್ತ ಏಳಬೇಕು, ತುಟಿಗಳು ಮುಂದೆ ಚಾಚಿ ದುಂಡಗಾಗಬೇಕು. ತುಟಿ ಚಾಚಿದಾಗ ಗಂಟಲಿನಿಂದ ತುಟಿಯವರೆಗಿನ ಕೊಳವೆ ಉದ್ದವಾಗಿ ಅದರ ಅನುರಣನ ತಗ್ಗುತ್ತದೆ. ಉಕಾರದ ಮಂದ್ರ ನಾದಕ್ಕೆ ಇದೇ ಕಾರಣ. ತುಟಿ ಸುಮ್ಮನಿದ್ದರೆ ಆ ಮಂದ್ರ ನಾದ ಹೋಗುತ್ತದೆ. ಇದಕ್ಕೆ ಸಮಯದ ಅಭಾವವೂ ಸೇರುತ್ತದೆ. ಸ್ವರದ ಅವಧಿ ಕುಗ್ಗಿದಂತೆ ನಾಲಗೆ ತಲುಪಬೇಕಾದ ಜಾಗವನ್ನು ತಲುಪದೆ ನಡುದಾರಿಯಿಂದಲೇ ಹಿಂದಿರುಗುತ್ತದೆ ಎಂಬುದನ್ನು ಸ್ವೀಡನ್ನಿನ ಧ್ವನಿವಿಜ್ಞಾನಿ ಬ್ಯೋರ್ನ್ ಲಿಂಡ್‌ಬ್ಲೋಮ್ 1963ರಲ್ಲಿ ಅಳೆದು ತೋರಿಸಿದರು.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ? ಹಳಗನ್ನಡದ ಊರ್, ಪಾಲ್, ಕಣ್ ಎಂಬ ವ್ಯಂಜನಾಂತ ಪದಗಳು ಮುಂದೆ ಊರು, ಹಾಲು, ಕಣ್ಣು ಆದವು. ಉಚ್ಚಾರಣೆಗೆ ಆಸರೆಯಾಗಿ ಬಂದ ಈ ಉಕಾರ ಇಂದಿಗೂ ದುರ್ಬಲ. ಸ್ವರದಿಂದ ಆರಂಭವಾಗುವ ಪ್ರತ್ಯಯ ಬಂದರೆ ಸಾಕು, ಜಾಗ ಬಿಟ್ಟುಕೊಡುತ್ತದೆ: ಊರಿಗೆ, ಹಾಲಿಗೆ, ಕಣ್ಣಿಗೆ. ಕೊಟ್ಟಿಗೆಯೊಳಗೇ ನೋಡಿ. ಎತ್ತು ‘ಎತ್ತಿಗೆ’ ಆಗುತ್ತದೆ, ಕೊಂಬು ‘ಕೊಂಬಿಗೆ’ ಆಗುತ್ತದೆ. ಹಸು ಮಾತ್ರ ‘ಹಸಿಗೆ’ ಆಗುವುದಿಲ್ಲ, ಕರು ‘ಕರಿಗೆ’ ಆಗುವುದಿಲ್ಲ. ಇಲ್ಲೂ ಉಕಾರದ ಹಿಂದಿರುವುದು ಒಂದೇ ಲಘು ಅಕ್ಷರ; ‘ಹಸುವಿಗೆ’, ‘ಕರುವಿಗೆ’ ಎಂದು ಉಕಾರ ಉಳಿದು ನಡುವೆ ವಕಾರ ಬರುತ್ತದೆ. ಶಾಲೆಯಲ್ಲಿ ಲೋಪಸಂಧಿ, ಆಗಮಸಂಧಿ ಎಂದು ಕಲಿತದ್ದರ ಹಿಂದೆ ಇರುವುದು ಇದೇ ವ್ಯತ್ಯಾಸ. ತಮಿಳಿನಲ್ಲೂ ‘ಪಸುವುಕ್ಕು’, ಆದರೆ ‘ಮಾಟ್ಟುಕ್ಕು’. ಸಾಧು, ವಸ್ತುಗಳಂಥ ಸಂಸ್ಕೃತ ಪದಗಳು ಹುಟ್ಟಿನಿಂದಲೇ ತಂದ ಉಕಾರವನ್ನು ಕನ್ನಡದಲ್ಲಿ ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನಿಂದ ಬಂದ ಬಸ್ಸು, ಕಾರುಗಳು ಮಾತ್ರ ನಮ್ಮ ದುರ್ಬಲ ಉಕಾರವನ್ನೇ ತಗುಲಿಸಿಕೊಂಡು ‘ಬಸ್ಸಿಗೆ’, ‘ಕಾರಿಗೆ’ ಆಗಿವೆ.

ಶಾಲೆ ಸೇರುವ ಮೊದಲೇ ಮಗುವಿಗೆ ಈ ವ್ಯತ್ಯಾಸ ಬಂದಿರುತ್ತದೆ. ಕಲಿಕೆ ತೀರ ಬೇಗ ಶುರುವಾಗುತ್ತದೆ. ಅಮೆರಿಕ ಮತ್ತು ಸ್ವೀಡನ್ನಿನ ಆರು ತಿಂಗಳ ಕೂಸುಗಳು ತಂತಮ್ಮ ಭಾಷೆಯ ಸ್ವರಗಳಿಗೆ ಆಗಲೇ ಹೊಂದಿಕೊಂಡಿದ್ದನ್ನು ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 1992ರಲ್ಲಿ ಕಂಡರು. 1996ರಲ್ಲಿ ಜೆನ್ನಿ ಸ್ಯಾಫ್ರನ್ ತಂಡ ಎಂಟು ತಿಂಗಳ ಶಿಶುಗಳಿಗೆ ಅರ್ಥವಿಲ್ಲದ ದನಿಗಳ ಸರಣಿಯೊಂದನ್ನು ಎರಡು ನಿಮಿಷ ಕೇಳಿಸಿತು. ಯಾವ ಅಕ್ಷರದ ಬೆನ್ನಿಗೆ ಯಾವುದು ಬರುತ್ತದೆಂಬ ಲೆಕ್ಕ ಅವುಗಳಿಗೆ ಅಷ್ಟರಲ್ಲೇ ಸಿಕ್ಕಿತ್ತು. ಇನ್ನು 1958ರಲ್ಲಿ ಜೀನ್ ಬರ್ಕೊ ‘ವಗ್’ ಎಂಬ ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಹಿಂದೆಂದೂ ಕೇಳದ ಪದಕ್ಕೂ ಮಕ್ಕಳು ಸರಿಯಾದ ಬಹುವಚನ ಹೇಳುವುದನ್ನು ತೋರಿಸಿದ್ದರು. ಮಕ್ಕಳದು ಬರೀ ಗಿಳಿಪಾಠವಲ್ಲ. ಕೇಳಿದ್ದರಿಂದ ಅವರು ನಿಯಮವನ್ನೇ ಹೆಕ್ಕಿಕೊಳ್ಳುತ್ತಾರೆ.

ಕೊಯಮತ್ತೂರು ಸೀಮೆಯಲ್ಲಿ ಕನ್ನಡ ಮನೆಮಾತಾಗಿರುವ ದೇವಾಂಗ ನೇಕಾರರ ಕುಟುಂಬಗಳಿವೆ. ಅಲ್ಲಿ ಬೆಳೆಯುವ ಮಗುವಿನ ಕಿವಿಗೆ ಬೀದಿಯಿಂದ ತಮಿಳಿನ ಉಕಾರಗಳು, ಮನೆಯೊಳಗಿಂದ ಕನ್ನಡದವು ಬೀಳುತ್ತವೆ. ಎರಡನ್ನೂ ಕೇಳಿ ಬೆಳೆದ ಮಗು ಎರಡನ್ನೂ ಕಲಿಯಬಲ್ಲದು. ಅದಕ್ಕೆ ಬೇಕಾದದ್ದು ಪುಸ್ತಕದ ಸೂತ್ರವಲ್ಲ, ಸುತ್ತಲಿನವರ ಮಾತು.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷಿಸಿ. ನಾಲ್ಕೈದು ವರ್ಷದ ಮಗುವಿಗೆ ಎರಡು ವಿಚಿತ್ರ ಪ್ರಾಣಿಗಳ ಚಿತ್ರ ಬರೆದುಕೊಡಿ. ಒಂದನ್ನು ‘ದಿಮು’, ಇನ್ನೊಂದನ್ನು ‘ದೀಮು’ ಎಂದು ಕರೆದು, ಹುಲ್ಲು ಯಾವುದಕ್ಕೆ ಹಾಕೋಣ ಎಂದು ಕೇಳಿ. ತಿದ್ದಲು ಹೋಗಬೇಡಿ, ಉತ್ತರವನ್ನು ಸುಮ್ಮನೆ ಕೇಳಿಸಿಕೊಳ್ಳಿ.