ಸಂಬಳವಿಲ್ಲದ ಸೇವೆ, ವೆಚ್ಚವುಳ್ಳ ಸಂಸ್ಥೆ : ಬ್ರಿಟನ್ನಿನ ಕಡಲ ರಕ್ಷಣಾ ವ್ಯವಸ್ಥೆ

ಕಡಲಿನಲ್ಲಿ ಅಪಾಯಕ್ಕೀಡಾದ ಹಡಗಿನ ಸರಕನ್ನು ಉಳಿಸಿದವನಿಗೆ ಆ ಸರಕಿನ ಮೌಲ್ಯವನ್ನು ಆಧರಿಸಿ ಪ್ರತಿಫಲ ಸಲ್ಲಬೇಕೆಂಬುದು ನೌಕಾ ಕಾನೂನಿನ ಹಳೆಯ ತತ್ತ್ವ. ಆದರೆ ಜೀವ ಉಳಿದ ವ್ಯಕ್ತಿಯು ತನ್ನನ್ನು ಕಾಪಾಡಿದವನಿಗೆ ಹಣ ತೆರಬೇಕಾಗಿಲ್ಲ ಎಂದು 1989ರ ಅಂತರರಾಷ್ಟ್ರೀಯ ಸಾಲ್ವೇಜ್ ಒಪ್ಪಂದದ 16ನೇ ವಿಧಿ ಹೇಳುತ್ತದೆ. ಇದು ನ್ಯಾಯವೇ ಸರಿ. ಆದರೆ ಹತ್ತಿಯ ಮೂಟೆಗೆ ಇರುವ ಬೆಲೆ, ಅದರ ಪಕ್ಕದಲ್ಲಿ ಮುಳುಗುತ್ತಿರುವ ನಾವಿಕನಿಗೆ ಇಲ್ಲದಂತಾಯಿತು. ಹಾಗಾದರೆ ಬಿರುಗಾಳಿಯ ರಾತ್ರಿಯಲ್ಲಿ ಅವನಿಗಾಗಿ ದೋಣಿ ಇಳಿಸುವವರು ಯಾರು? ಆ ದೋಣಿಯ ವೆಚ್ಚವನ್ನು ಭರಿಸುವವರು ಯಾರು?

ಈ ಪ್ರಶ್ನೆಗೆ ಬ್ರಿಟನ್ ಕಂಡುಕೊಂಡ ಉತ್ತರವೇ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ಸರ್ ವಿಲಿಯಂ ಹಿಲರಿಯವರ ಪ್ರಯತ್ನದಿಂದ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಸ್ಥಾಪನೆಗೊಂಡ ಈ ಧರ್ಮಾರ್ಥ ಸಂಸ್ಥೆ ಅಂದಿನಿಂದ 1 ಲಕ್ಷ 44 ಸಾವಿರಕ್ಕೂ ಹೆಚ್ಚು ಜೀವಗಳನ್ನು ಉಳಿಸಿದೆ. ಬ್ರಿಟನ್ ಮತ್ತು ಐರ್ಲೆಂಡ್ ತೀರಗಳಲ್ಲಿ ಇದರ 238 ಠಾಣೆಗಳಿವೆ.

ಕಾರ್ಯವಿಧಾನ ಹೀಗಿದೆ. ಆಪತ್ತಿನ ಕರೆ ದೂರವಾಣಿಯ ಮೂಲಕ ಅಥವಾ ಹಡಗಿನ ರೇಡಿಯೋದ 16ನೇ ಚಾನೆಲ್ ಮೂಲಕ ಮೊದಲು ತಲುಪುವುದು ಸರಕಾರದ ತಟರಕ್ಷಕ ಇಲಾಖೆಗೆ. (ಭಾರತದಲ್ಲಿ ಕರೆ ಸ್ವೀಕರಿಸುವುದೂ ಹಡಗು ಕಳುಹಿಸುವುದೂ 1978ರಲ್ಲಿ ರಚಿತವಾದ ಭಾರತೀಯ ತಟರಕ್ಷಣಾ ಪಡೆಯದೇ ಹೊಣೆ, ಅದರ ಉಚಿತ ಸಂಖ್ಯೆ 1554.) ಬ್ರಿಟನ್ನಿನಲ್ಲಿ ಇಲಾಖೆಯು ಲೈಫ್‌ಬೋಟಿಗೆ ಆಜ್ಞೆ ಮಾಡುವುದಿಲ್ಲ, ಕೋರಿಕೆ ಸಲ್ಲಿಸುತ್ತದೆ. ಠಾಣೆಯ ಅಧಿಕೃತ ವ್ಯಕ್ತಿ ಒಪ್ಪಿದೊಡನೆ ಊರಿನಲ್ಲಿ ಅಲ್ಲಲ್ಲಿ ಪೇಜರುಗಳು ಸದ್ದು ಮಾಡುತ್ತವೆ. ಅಂಗಡಿಯಾತ ಗಲ್ಲಾ ಬಿಟ್ಟು, ಬಡಗಿ ಉಳಿ ಬಿಟ್ಟು ಠಾಣೆಗೆ ಓಡುತ್ತಾನೆ. ಬಂದವರಲ್ಲಿ ಯಾರು ಹೊರಡಬೇಕೆಂದು ನಿರ್ಧರಿಸುವವನು ಕಾಕ್ಸನ್, ಅಂದರೆ ನಮ್ಮ ಕರಾವಳಿಯಲ್ಲಿ ತಾಂಡೇಲನೆನಿಸುವವನು. ಕಾಕ್ಸನ್ ಮತ್ತು ಮೆಕ್ಯಾನಿಕ್ ಕೆಲವು ಠಾಣೆಗಳಲ್ಲಿ ಸಂಬಳದವರು. ಉಳಿದ ಸಿಬ್ಬಂದಿ ಬಹುತೇಕ ಸ್ವಯಂಸೇವಕರೇ.

ಹಿಂದೆ ಇವರಲ್ಲಿ ಹೆಚ್ಚಿನವರು ಮೀನುಗಾರರಾಗಿದ್ದರು. ಈಗ ಕಡಲ ಕಸುಬಿನ ಹಿನ್ನೆಲೆಯವರು ಹತ್ತರಲ್ಲಿ ಒಬ್ಬರು ಮಾತ್ರ. ಆದುದರಿಂದ ತರಬೇತಿಯೇ ದೊಡ್ಡ ಬಾಬ್ತಾಗಿದೆ. ಪೂಲ್ ಪಟ್ಟಣದಲ್ಲಿ 2004ರಲ್ಲಿ ತೆರೆದ ಕಾಲೇಜಿನಲ್ಲಿ ಕೃತಕ ಅಲೆಗಳ ಕೊಳವಿದ್ದು, ಮಗುಚಿದ ದೋಣಿಯಿಂದ ಪಾರಾಗುವುದನ್ನು ಅಲ್ಲಿ ಕಲಿಸಲಾಗುತ್ತದೆ. 2014ರಿಂದ ಸೇವೆಯಲ್ಲಿರುವ ಶಾನನ್ ಮಾದರಿಯ ದೋಣಿ 25 ನಾಟ್ ವೇಗದಲ್ಲಿ ಸಾಗಬಲ್ಲದು; ಮಗುಚಿದರೂ ತಾನಾಗಿಯೇ ನೆಟ್ಟಗಾಗುತ್ತದೆ. ಒಂದರ ಬೆಲೆ 20 ಲಕ್ಷ ಪೌಂಡಿಗೂ ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ಸಂಸ್ಥೆಯ ವಾರ್ಷಿಕ ವೆಚ್ಚ 20 ಕೋಟಿ ಪೌಂಡನ್ನು ದಾಟಿದೆ. ಸ್ವಯಂಸೇವೆ ಎಂದರೆ ಖರ್ಚಿಲ್ಲದ ಸೇವೆ ಎಂದು ಭಾವಿಸುವವರು ಈ ಅಂಕಿಗಳನ್ನು ಗಮನಿಸಬೇಕು.

ಈ ಹಣ ಬರುವ ಬಗೆ ವ್ಯಾಪಾರಸ್ಥರಿಗೆ ವಿಶೇಷ ಆಸಕ್ತಿಯ ವಿಷಯ. 1854ರಿಂದ 1869ರವರೆಗೆ ಸಂಸ್ಥೆಯು ಸರಕಾರದ ಸಹಾಯಧನ ಪಡೆದು, ಬಳಿಕ ಅದನ್ನು ತೊರೆಯಿತು. 1886ರ ಡಿಸೆಂಬರಿನಲ್ಲಿ ಲ್ಯಾಂಕಷೈರ್ ತೀರದಲ್ಲಿ 'ಮೆಕ್ಸಿಕೊ' ಎಂಬ ಹಡಗಿನ ರಕ್ಷಣೆಗೆ ತೆರಳಿದ 27 ಮಂದಿ ಲೈಫ್‌ಬೋಟ್ ಸಿಬ್ಬಂದಿ ಮಡಿದರು. ಅದೇ ತೀರದ ನಿವಾಸಿಯಾಗಿದ್ದ ಹತ್ತಿ ಉದ್ಯಮಿ ಚಾರ್ಲ್ಸ್ ಮಕಾರಾ ಸಂಸ್ಥೆಯ ಲೆಕ್ಕಗಳನ್ನು ಪರಿಶೀಲಿಸಿದಾಗ, ಆದಾಯದ ಮೂರರಲ್ಲಿ ಎರಡು ಪಾಲು ಸುಮಾರು ನೂರು ಮಂದಿ ಸಿರಿವಂತರಿಂದಲೇ ಬರುತ್ತಿರುವುದು ತಿಳಿದುಬಂತು. ಕೆಲವೇ ಗಿರಾಕಿಗಳನ್ನು ನಂಬಿದ ವ್ಯಾಪಾರದ ಅಪಾಯವನ್ನು ಉದ್ಯಮಿಗೆ ಬೇರೆಯವರು ವಿವರಿಸಬೇಕಾಗಿಲ್ಲ. 1891ರ ಅಕ್ಟೋಬರಿನಲ್ಲಿ ಆತ ಲೈಫ್‌ಬೋಟುಗಳನ್ನು ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿ, ಜನಸಾಮಾನ್ಯರಿಂದ ಒಂದೇ ದಿನದಲ್ಲಿ 5 ಸಾವಿರ ಪೌಂಡಿಗೂ ಹೆಚ್ಚು ಸಂಗ್ರಹಿಸಿದರು. ಇಂದು ಅತಿ ದೊಡ್ಡ ಆದಾಯ ಮೂಲವೆಂದರೆ ಉಯಿಲುಗಳ ಮೂಲಕ ಬರುವ ಆಸ್ತಿ. ಯಾವ ವರ್ಷ ಎಷ್ಟು ಬಂದೀತೆಂದು ಊಹಿಸಲಾಗದ ಈ ಆದಾಯವನ್ನು ನೆಚ್ಚಿದ ಸಂಸ್ಥೆಗೆ ಸಾಕಷ್ಟು ಮೀಸಲು ನಿಧಿ ಅನಿವಾರ್ಯ.

ಯಾವ ಲೆಕ್ಕಕ್ಕೂ ಸಿಗದ ಕೊಡುಗೆಯೊಂದಿದೆ. ಪೇಜರು ಸದ್ದಾದಾಗ ನೌಕರನನ್ನು ತಕ್ಷಣ ಬಿಟ್ಟುಕೊಡುವ ಸ್ಥಳೀಯ ಮಾಲೀಕ ಅಷ್ಟು ಹೊತ್ತಿನ ಕೆಲಸವನ್ನು ಕಳೆದುಕೊಳ್ಳುತ್ತಾನೆ. ಸ್ವಯಂಸೇವಕರ ಸಮಯಕ್ಕೆ ನಂಬಲರ್ಹ ಬೆಲೆ ಕಟ್ಟಲಾಗದೆಂಬ ಕಾರಣದಿಂದ ಅಲ್ಲಿನ ಲೆಕ್ಕಪತ್ರ ನಿಯಮಗಳು ಅದನ್ನು ಆದಾಯವೆಂದು ತೋರಿಸಲು ಬಿಡುವುದಿಲ್ಲ. ನಿಯಮ ಸರಿಯಾದುದೇ. ಆದರೂ ಸಂಸ್ಥೆಯ ಅತಿ ದೊಡ್ಡ ಬಂಡವಾಳ ಆಢಾವೆ ಪತ್ರಿಕೆಯ ಹೊರಗೇ ಉಳಿದಿದೆ.

ಆ ಬಂಡವಾಳದ ಬೆಲೆ 1981ರ ಡಿಸೆಂಬರ್ 19ರ ರಾತ್ರಿ ಕಾರ್ನ್‌ವಾಲ್ ತೀರದಲ್ಲಿ ಕಂಡುಬಂತು. ಎಂಜಿನ್ ಕೆಟ್ಟ 'ಯೂನಿಯನ್ ಸ್ಟಾರ್' ಹಡಗಿನವರನ್ನು ಉಳಿಸಲು ಪೆನ್ಲೀ ಠಾಣೆಯ ಲೈಫ್‌ಬೋಟ್ ಹೊರಟಿತು. ಒಂದೇ ಮನೆಯ ಇಬ್ಬರು ದೋಣಿ ಹತ್ತುವುದಕ್ಕೆ ಕಾಕ್ಸನ್ ಒಪ್ಪಲಿಲ್ಲ. ನಾಲ್ವರನ್ನು ದೋಣಿಗೆ ಹತ್ತಿಸಿಕೊಂಡಿರುವುದಾಗಿ ರೇಡಿಯೋದಲ್ಲಿ ಕೇಳಿಬಂತು, ಬಳಿಕ ಸದ್ದಡಗಿತು. ದೋಣಿಯ ಎಂಟು ಮಂದಿ ಸ್ವಯಂಸೇವಕರೂ ಹಡಗಿನಲ್ಲಿದ್ದ ಎಂಟು ಮಂದಿಯೂ ತೀರಿಕೊಂಡರು.

ಮೃತ ಸ್ವಯಂಸೇವಕರ ಕುಟುಂಬಗಳಿಗಾಗಿ ಸಾರ್ವಜನಿಕರು 30 ಲಕ್ಷ ಪೌಂಡಿಗೂ ಹೆಚ್ಚು ನೀಡಿದರು. ಆಗ ತೆರಿಗೆಯ ತೊಡಕೊಂದು ಎದುರಾಯಿತು. ಧರ್ಮಾರ್ಥ ನಿಧಿಯಾದರೆ ತೆರಿಗೆ ವಿನಾಯಿತಿ ಉಂಟು, ಆದರೆ ಕುಟುಂಬಗಳಿಗೆ ಅಗತ್ಯವನ್ನು ಮೀರಿ ಹಂಚುವಂತಿಲ್ಲ. ಖಾಸಗಿ ನ್ಯಾಸವಾದರೆ ಪೂರ್ತಿ ಹಂಚಬಹುದು, ವಿನಾಯಿತಿ ಇಲ್ಲ. ತೆರಿಗೆಯ ಮಾತೆತ್ತಿದ ಸರಕಾರದ ವಿರುದ್ಧ ಜನ ಸಿಡಿದೆದ್ದರು. ಕೊನೆಗೆ ನಿಧಿಯನ್ನು ಖಾಸಗಿ ನ್ಯಾಸವೆಂದೇ ಪರಿಗಣಿಸಿ ಹಣವನ್ನು ಕುಟುಂಬಗಳಿಗೆ ಹಂಚಲಾಯಿತು. ಈ ಪ್ರಕರಣದ ತರುವಾಯ, ದುರಂತ ನಿಧಿಗಳಿಗೆ ಮನವಿ ಮಾಡುವವರು ಮೊದಲೇ ಯಾವ ಸ್ವರೂಪವನ್ನು ಆರಿಸಬೇಕೆಂಬ ಬಗ್ಗೆ ಅಲ್ಲಿನ ಅಟಾರ್ನಿ ಜನರಲ್ ಮಾರ್ಗಸೂಚಿ ಹೊರಡಿಸಿದರು. ಇತ್ತ ಮೃತರ ಊರಾದ ಮೌಸಲ್‌ನಲ್ಲಿ, ದುರಂತ ನಡೆದು ಒಂದು ದಿನ ಕಳೆಯುವುದರೊಳಗೆ ಹೊಸ ತಂಡಕ್ಕೆ ಬೇಕಾದಷ್ಟು ಜನ ತಮ್ಮ ಹೆಸರು ಕೊಟ್ಟಿದ್ದರು.