ಡೀಸೆಲ್ ಪಿಕಪ್‌ನ ಸಾಫ್ಟ್‌ವೇರ್ ರೀಕಾಲ್: ನಂಬಿಕೆ ಏನು, ನಿಜ ಏನು?

ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂದರೆ ರೈತನ ಗಾಡಿಯೂ ಹೌದು, ಮನೆಮಂದಿಯ ಕಾರೂ ಹೌದು. 2014ರಿಂದ 2016ರವರೆಗಿನ ರ‍್ಯಾಮ್ 1500 ಮತ್ತು ಜೀಪ್ ಗ್ರ್ಯಾಂಡ್ ಚೆರೋಕಿ ಡೀಸೆಲ್ ಗಾಡಿಗಳಲ್ಲಿ ಮಾಲಿನ್ಯ ನಿಯಂತ್ರಣವನ್ನು ಸಡಿಲಿಸುವ, ಬಚ್ಚಿಟ್ಟ ಸಾಫ್ಟ್‌ವೇರ್ ಇದೆಯೆಂದು ಅಲ್ಲಿನ ಪರಿಸರ ಸಂಸ್ಥೆ ಇಪಿಎ 2017ರ ಜನವರಿಯಲ್ಲಿ ಅವುಗಳ ತಯಾರಕ ಫಿಯೆಟ್ ಕ್ರೈಸ್ಲರ್‌ಗೆ ನೋಟಿಸ್ ಕೊಟ್ಟಿತು. ಅಂಥ ಗಾಡಿಗಳು ಸುಮಾರು 1.04 ಲಕ್ಷ. ಮುಂದೆ ಎಂಜಿನ್ ತಯಾರಕ ಕಮಿನ್ಸ್ ಸರದಿ. 2013ರಿಂದ 2019ರವರೆಗಿನ ರ‍್ಯಾಮ್ 2500 ಮತ್ತು 3500ರ ಸುಮಾರು 6.3 ಲಕ್ಷ ಟ್ರಕ್‌ಗಳ ಎಂಜಿನ್ ಅದರದ್ದು. 2024ರ ಜನವರಿಯಲ್ಲಿ ಪ್ರಕಟವಾದ ಒಪ್ಪಂದದಲ್ಲಿ ಅದರ ಮೇಲೆ ಬಿದ್ದ 167.5 ಕೋಟಿ ಡಾಲರ್ ಸಿವಿಲ್ ದಂಡ, ಅಲ್ಲಿನ ವಾಯು ಕಾಯ್ದೆಯಡಿ ಅದುವರೆಗಿನ ಅತಿ ದೊಡ್ಡದು. ಎರಡೂ ಪ್ರಕರಣಗಳಲ್ಲಿ ಗಾಡಿಗಳನ್ನು ಮರಳಿ ಕರೆದು (ರೀಕಾಲ್) ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಕಾಯಿತು. ದಂಡ ಕಂಪನಿಯದ್ದು, ಆತಂಕ ಮಾಲೀಕನದ್ದು: ಅವರು ಮಾಡಿದ್ದಕ್ಕೆ ನನ್ನ ಗಾಡಿ ಯಾಕೆ ಸೊರಗಬೇಕು?

ತಪ್ಪು ಕಲ್ಪನೆ: ಕಪ್ಪು ಹೊಗೆ ಬರುತ್ತಿಲ್ಲ, ಗಾಡಿ ಶುದ್ಧವಾಗಿದೆ.

ಸತ್ಯ: ಕಪ್ಪು ಹೊಗೆ ಎಂದರೆ ಮಸಿ. ಅದನ್ನು ಫಿಲ್ಟರ್ ತಡೆಯುತ್ತದೆ. ಈ ಪ್ರಕರಣಗಳ ಆರೋಪಿ ನೈಟ್ರೋಜನ್ ಆಕ್ಸೈಡ್‌ಗಳು. ಸೈಲೆನ್ಸರ್ ಬಾಯಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ಬಿಸಿಲಿನಲ್ಲಿ ಓಝೋನ್ ಹುಟ್ಟಿಸಿ ಶ್ವಾಸಕೋಶವನ್ನು ಕಾಡುತ್ತವೆ.

ತಪ್ಪು ಕಲ್ಪನೆ: ಮಾಲಿನ್ಯ ನಿಯಂತ್ರಣವನ್ನು ಸಡಿಲಿಸುವ ಸಾಫ್ಟ್‌ವೇರ್ ಎಲ್ಲವೂ ಮೋಸ.

ಸತ್ಯ: ಎಂಜಿನ್ ಸ್ಟಾರ್ಟ್ ಆಗುವಾಗ, ಅದಕ್ಕೆ ಹಾನಿಯಾಗುವ ಸಂದರ್ಭದಲ್ಲಿ ನಿಯಂತ್ರಣ ಸಡಿಲಿಸಲು ಕಾನೂನೇ ಅವಕಾಶ ಕೊಡುತ್ತದೆ. ಆದರೆ ಅಂಥ ಪ್ರತಿಯೊಂದು ಏರ್ಪಾಡನ್ನೂ ಮೊದಲೇ ತಿಳಿಸಿ ಸಮರ್ಥಿಸಿಕೊಳ್ಳಬೇಕು. ಫಿಯೆಟ್ ಕ್ರೈಸ್ಲರ್ ಗಾಡಿಗಳಲ್ಲಿ ತಿಳಿಸದೇ ಇಟ್ಟ ಇಂಥ ಕನಿಷ್ಠ ಎಂಟು ಏರ್ಪಾಡುಗಳನ್ನು ಇಪಿಎ ಗುರುತಿಸಿತು. 2022ರಲ್ಲಿ ಫಿಯೆಟ್ ಕ್ರೈಸ್ಲರ್‌ನ ಅಮೆರಿಕದ ಘಟಕ ತಪ್ಪೊಪ್ಪಿಕೊಂಡಿತು. ಕಮಿನ್ಸ್ ಮಾತ್ರ ತಪ್ಪೊಪ್ಪಿಕೊಳ್ಳದೆಯೇ ದಂಡಕ್ಕೆ ಸಮ್ಮತಿಸಿತು.

ತಪ್ಪು ಕಲ್ಪನೆ: ಅಪ್‌ಡೇಟ್ ಮಾಡಿಸಿದರೆ ಮೈಲೇಜೂ ಹೋಯಿತು, ಎಳೆಯುವ ಶಕ್ತಿಯೂ ಹೋಯಿತು.

ಸತ್ಯ: ಈ ಭಯ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಎರಡು ದಾರಿ. ಒಂದು, ಹೊರಹೋಗುವ ಅನಿಲದ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸಿ ದಹನದ ಉಷ್ಣತೆ ಇಳಿಸುವುದು. ಇದು ಹೆಚ್ಚಾದರೆ ಮಸಿ ಹೆಚ್ಚಿ, ಫಿಲ್ಟರ್ ಮೇಲೆ ಹೊರೆ ಬೀಳಬಹುದು. ಎರಡು, ಯೂರಿಯಾ ದ್ರಾವಣ ಸಿಂಪಡಿಸಿ ಅನಿಲವನ್ನು ನಿರಪಾಯಕಾರಿ ನೈಟ್ರೋಜನ್ ಮತ್ತು ನೀರಾಗಿಸುವುದು. ನಮ್ಮ ಬಿಎಸ್-6 ಲಾರಿ ಚಾಲಕರು ಡೆಫ್ ಎನ್ನುವುದು ಈ ದ್ರಾವಣವನ್ನೇ. ಎರಡನೆಯ ದಾರಿ ಹಿಡಿದರೆ ಡೆಫ್ ಬೇಗ ಖಾಲಿಯಾಗಬಹುದು. ಎಂಜಿನ್ನಿನ ಬಲ ಕುಗ್ಗಲೇಬೇಕೆಂದಿಲ್ಲ. ನಿಯಂತ್ರಕರು ಪರೀಕ್ಷಿಸಿ ಒಪ್ಪಿದ ಮೇಲೆಯೇ ಈ ಅಪ್‌ಡೇಟ್‌ಗಳು ಗಾಡಿಗೆ ಸೇರುತ್ತವೆ. ಜೊತೆಗೆ ಮಾಲಿನ್ಯ ನಿಯಂತ್ರಣದ ಭಾಗಗಳಿಗೆ ಹೆಚ್ಚುವರಿ ವಾರಂಟಿಯೂ ಸಿಗುತ್ತದೆ. ಅಪ್‌ಡೇಟ್‌ಗೆ ಮುಂಚಿನ ಮತ್ತು ನಂತರದ ಮೈಲೇಜ್, ಡೆಫ್ ಲೆಕ್ಕ ಬರೆದಿಟ್ಟುಕೊಂಡವನ ದೂರಿಗೆ ತೂಕವಿರುತ್ತದೆ.

ತಪ್ಪು ಕಲ್ಪನೆ: ರೀಕಾಲ್‌ಗೆ ಹೋಗದಿದ್ದರೆ ನಷ್ಟವೇನಿಲ್ಲ.

ಸತ್ಯ: ಅಪ್‌ಡೇಟ್ ಉಚಿತ. ಫಿಯೆಟ್ ಕ್ರೈಸ್ಲರ್ ಪ್ರಕರಣದಲ್ಲಿ ಮಾಲೀಕರಿಗೆ ಸರಾಸರಿ 2,800 ಡಾಲರ್ ಪರಿಹಾರವಿತ್ತು. ಅದು ಕೈಸೇರಬೇಕಾದರೆ ಗಾಡಿ ಸರಿಪಡಿಸಿಕೊಳ್ಳಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ರೀಕಾಲ್ ಬಾಕಿಯಿದ್ದರೆ ನೋಂದಣಿ ನವೀಕರಣಕ್ಕೇ ತೊಡಕಾಗಬಹುದು.

ತಪ್ಪು ಕಲ್ಪನೆ: ಇದು ಅಮೆರಿಕದವರ ತಲೆನೋವು.

ಸತ್ಯ: ಪಿಕಪ್ ಪ್ರಕರಣಗಳು ಅಲ್ಲಿನವೇ. ಆದರೆ 2015ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಭಾರತದಲ್ಲೂ ಸುಮಾರು 3.23 ಲಕ್ಷ ಡೀಸೆಲ್ ಕಾರುಗಳಿಗೆ ಇಂಥದೇ ರೀಕಾಲ್ ಘೋಷಿಸಿತ್ತು.

ತಪ್ಪು ಕಲ್ಪನೆ: ಕಂಪನಿಯೇ ಮೋಸ ಮಾಡಿದ ಮೇಲೆ ಫಿಲ್ಟರ್ ಕಿತ್ತೆಸೆದು ‘ಡಿಲೀಟ್’ ಮಾಡಿಸುವುದರಲ್ಲಿ ತಪ್ಪೇನು?

ಸತ್ಯ: ಅದೂ ಅಮೆರಿಕದ ಅದೇ ವಾಯು ಕಾಯ್ದೆಯ ಉಲ್ಲಂಘನೆ. ಅಮೆರಿಕದಲ್ಲಿ ಒಂದು ದಶಕದೊಳಗೆ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಲಾಗಿದೆ ಎಂದು ಇಪಿಎ 2020ರಲ್ಲಿ ಅಂದಾಜಿಸಿತು. ಡಿಲೀಟ್ ಮಾಡಿಸಿದವನು ವಾರಂಟಿಯ ಹಕ್ಕನ್ನು ತಾನಾಗಿಯೇ ಪಣಕ್ಕಿಡುತ್ತಾನೆ. ರಿಪೇರಿ ಚೀಟಿ ಜೋಪಾನವಾಗಿಟ್ಟವನು ಮಾತ್ರ, ನಾಳೆ ಗಾಡಿ ಕೆಟ್ಟರೆ ಖರ್ಚನ್ನು ಕಂಪನಿಯ ಬಾಗಿಲಿಗೇ ಒಯ್ಯಬಲ್ಲ.