ಗದ್ದೆಯೇ ಗ್ಯಾಲರಿ, ಮುಚ್ಚಿದ ಶಾಲೆಯೇ ಮ್ಯೂಸಿಯಂ

ಜಪಾನಿನ ನೀಗಾತಾ ಪ್ರಾಂತ್ಯದಲ್ಲಿ ಮತ್ಸುದಾಯ್ ಎಂಬ ಗುಡ್ಡಗಾಡು ಊರಿದೆ. ಅಲ್ಲಿನ ಹೊಳೆಯಾಚೆಯ ಇಳಿಜಾರಿನಲ್ಲಿ ಒಬ್ಬ ರೈತನಿಗೆ ಹಿರಿಯರಿಂದ ಬಂದ ಮೆಟ್ಟಿಲು ಗದ್ದೆಯಿತ್ತು. ಇನ್ನು ಬೇಸಾಯ ಸಾಕು ಎಂದು ಆತ ತೀರ್ಮಾನಿಸಿದ್ದ ಹೊತ್ತಿಗೆ, ಆ ಗದ್ದೆಯಲ್ಲಿ ಶಿಲ್ಪಗಳನ್ನು ನಿಲ್ಲಿಸಲು ಅವಕಾಶ ಕೊಡಿ ಎಂಬ ಕೋರಿಕೆ ಬಂತು. ಪೂರ್ವಿಕರ ಮಣ್ಣಿನಲ್ಲಿ ಅಂಥದ್ದನ್ನು ನಿಲ್ಲಿಸಲು ಆತನಿಗೆ ಮನಸ್ಸಾಗಲಿಲ್ಲ. ಆದರೆ ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿ ಬೆಳೆದ ಇಲ್ಯಾ ಕಬಕೋವ್ ಮತ್ತು ಅವರ ಪತ್ನಿ ಎಮಿಲಿಯಾ ರೂಪಿಸಿದ್ದ ಕೃತಿಯ ತುಂಬ ಇದ್ದದ್ದು ಬೇಸಾಯಗಾರನ ದುಡಿಮೆಯೇ. ಅದನ್ನು ಅರಿತ ಮೇಲೆ ರೈತ ಒಪ್ಪಿದ. ಬಿಡಬೇಕೆಂದಿದ್ದ ಬೇಸಾಯವನ್ನೂ ಕೆಲವು ವರ್ಷ ಮುಂದುವರಿಸಿದ.

2000ನೇ ಇಸವಿಯಲ್ಲಿ ಸಿದ್ಧವಾದ ‘ದಿ ರೈಸ್ ಫೀಲ್ಡ್ಸ್’ ಇಂದಿಗೂ ಅಲ್ಲೇ ಇದೆ. ಗದ್ದೆಯ ಒಂದೊಂದು ಮೆಟ್ಟಿಲಿನಲ್ಲೂ ನೀಲಿ, ಹಳದಿ ಬಣ್ಣದ ಆಳೆತ್ತರದ ಆಕೃತಿಗಳು. ಉಳುವವರು, ಬೀಜ ಚೆಲ್ಲುವವರು, ಬಾಗಿ ನಾಟಿ ಮಾಡುವವರು, ಕೊಯ್ಯುವವರು, ಅಕ್ಕಿ ಮಾರಲು ಪೇಟೆಗೆ ಹೊರಟವರು. ಹೊಳೆಯ ಈಚೆ ದಡದ ವೀಕ್ಷಣಾ ಕಟ್ಟೆಯಲ್ಲಿ ಬೇಸಾಯದ ಆಯಾ ಹಂತವನ್ನು ವಿವರಿಸುವ ಸಾಲುಗಳ ಚೌಕಟ್ಟು ತೂಗುಹಾಕಲಾಗಿದೆ. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಅಕ್ಷರಗಳು ನೇರವಾಗಿ ಗದ್ದೆಯ ಮೇಲೆಯೇ ಮೂಡಿದಂತೆ ಕಾಣುತ್ತವೆ. ಮೇ ತಿಂಗಳಲ್ಲಿ ನೀರು ತುಂಬಿದ ಗದ್ದೆ, ಆಗಸ್ಟ್‌ನಲ್ಲಿ ಹಸಿರು, ಸೆಪ್ಟೆಂಬರ್‌ನಲ್ಲಿ ಹೊನ್ನಿನ ತೆನೆ. ಬೆಳೆಯಿಲ್ಲದೆ ಈ ಕೃತಿ ಪೂರ್ತಿಯಾಗುವುದಿಲ್ಲ. ಕೃತಿ ಉಳಿಯಬೇಕಾದರೆ ಯಾರಾದರೂ ಪ್ರತಿ ವರ್ಷ ಆ ಗದ್ದೆಯನ್ನು ಉಳಲೇಬೇಕು.

ಊರ ನಡುವಿನ ಕಲೆ ಎಂದರೆ ಏನು ಎಂಬ ಪ್ರಶ್ನೆಗೆ ಇಷ್ಟು ಗಟ್ಟಿಯಾದ ಉತ್ತರ ಬೇರೆಡೆ ಸಿಗುವುದು ಕಷ್ಟ. ಈ ಗದ್ದೆ, ಮೂರು ವರ್ಷಕ್ಕೊಮ್ಮೆ ನಡೆಯುವ ‘ಎಚಿಗೊ–ತ್ಸುಮಾರಿ ಆರ್ಟ್ ಟ್ರಿಯೆನಾಲೆ’ ಎಂಬ ಕಲಾ ಉತ್ಸವದ ಭಾಗ. ಒಂಬತ್ತನೇ ಆವೃತ್ತಿ 2024ರ ಜುಲೈನಿಂದ ನವೆಂಬರ್‌ವರೆಗೆ ನಡೆಯಿತು. ಮೂರು ವರ್ಷದ ಲೆಕ್ಕದಲ್ಲಿ ಹತ್ತನೆಯದರ ಸರದಿ 2027ಕ್ಕೆ.

ವಿರೋಧದಿಂದ ಶುರು

ಉತ್ಸವ ನಡೆಯುವ ಎಚಿಗೊ–ತ್ಸುಮಾರಿ, ತೊಕಾಮಾಚಿ ನಗರ ಮತ್ತು ತ್ಸುನಾನ್ ಪಟ್ಟಣ ಸೇರಿದ ಸುಮಾರು 760 ಚದರ ಕಿಲೋಮೀಟರ್ ವಿಸ್ತೀರ್ಣದ ಪ್ರದೇಶ. ಹೆಚ್ಚುಕಡಿಮೆ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಷ್ಟು ದೊಡ್ಡದು. ಜನಸಂಖ್ಯೆ ಮಾತ್ರ ನಮ್ಮ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ಚಳಿಗಾಲದಲ್ಲಿ ಎರಡು ಮೂರು ಮೀಟರ್ ಎತ್ತರಕ್ಕೆ ಹಿಮ ಬೀಳುತ್ತದೆ. ಬಹುಕಾಲದಿಂದ ಭತ್ತ ಬೆಳೆದುಕೊಂಡು ಬಂದ ಈ ಹಳ್ಳಿಗಳಿಂದ ಯುವಕರು ನಗರಗಳತ್ತ ಹೋದರು. ಮುದುಕರು ಉಳಿದರು. ಮನೆಗಳಿಗೆ ಬೀಗ ಬಿತ್ತು, ಮಕ್ಕಳಿಲ್ಲದೆ ಶಾಲೆಗಳು ಮುಚ್ಚಿದವು.

1990ರ ದಶಕದಲ್ಲಿ ನೀಗಾತಾ ಪ್ರಾಂತ್ಯದ ಸರ್ಕಾರ ಇಲ್ಲಿನ ಪುನಶ್ಚೇತನಕ್ಕೆ ಯೋಜನೆ ಹಾಕಿಕೊಂಡಾಗ, ಅದೇ ಪ್ರಾಂತ್ಯದವರಾದ ಕಲಾ ನಿರ್ದೇಶಕ ಫ್ರಾಮ್ ಕಿತಾಗಾವಾ ಕಲೆಯ ದಾರಿ ಸೂಚಿಸಿದರು. ಸ್ಥಳೀಯ ಆಡಳಿತದ ಸದಸ್ಯರಿಂದ ಬಲವಾದ ವಿರೋಧ ಬಂತು. ರಸ್ತೆ, ಆಸ್ಪತ್ರೆಗೆ ಖರ್ಚಾಗಬೇಕಾದ ಹಣ ಇದಕ್ಕೇಕೆ, ಅರ್ಥವಾಗದ ಶಿಲ್ಪಗಳು ನಮಗೇಕೆ ಎಂಬ ಪ್ರಶ್ನೆಗಳು ನ್ಯಾಯವಾದವೇ. ಕಿತಾಗಾವಾ ಮತ್ತು ಅವರ ತಂಡ ವರ್ಷಗಟ್ಟಲೆ ಊರೂರು ಸುತ್ತಿ ಸಭೆ ನಡೆಸಿದರು. 2000ದ ಮೊದಲ ಉತ್ಸವಕ್ಕೆ ಜಾಗ ಕೊಡಲು ಮುಂದೆ ಬಂದದ್ದು ಇಲ್ಲಿರುವ ಸುಮಾರು 200 ಹಳ್ಳಿಗಳಲ್ಲಿ ಕೆಲವು ಮಾತ್ರ. ಆ ವರ್ಷ ಬಂದವರು ಸುಮಾರು 1.6 ಲಕ್ಷ ಮಂದಿ. 2018ರ ಹೊತ್ತಿಗೆ ಆ ಸಂಖ್ಯೆ 5 ಲಕ್ಷ ದಾಟಿತ್ತು.

ಕೃತಿಗಳನ್ನು ಬೇಕೆಂದೇ ಒಂದರಿಂದ ಒಂದು ದೂರ ಇಟ್ಟಿದ್ದಾರೆ. ನೋಡಲು ಬಂದವರು ‘ಪಾಸ್‌ಪೋರ್ಟ್’ ಎಂಬ ಪುಸ್ತಿಕೆ ಕೊಂಡು, ಒಂದೊಂದು ಕೃತಿಯ ಬಳಿಯೂ ಅದರಲ್ಲಿ ಮುದ್ರೆ ಒತ್ತಿಸಿಕೊಳ್ಳುತ್ತ ಹಳ್ಳಿಯಿಂದ ಹಳ್ಳಿಗೆ ಸಾಗುತ್ತಾರೆ. ದಾರಿಯುದ್ದಕ್ಕೂ ಗದ್ದೆ, ಬೀಚ್ ಮರಗಳ ಕಾಡು, ಗುಡಿ, ಮನೆಯಂಗಳ. ಕಲೆಯ ನೆಪದಲ್ಲಿ ಊರನ್ನೇ ನೋಡಿದಂತಾಗುತ್ತದೆ.

ಕೊನೆಯ ಮೂವರು ಮಕ್ಕಳು

ಸನಾದಾ ಪ್ರಾಥಮಿಕ ಶಾಲೆ 2005ರಲ್ಲಿ ಮುಚ್ಚಿತು. ಆಗ ಅಲ್ಲಿ ಉಳಿದಿದ್ದವರು ಮೂವರೇ ವಿದ್ಯಾರ್ಥಿಗಳು. ಮಕ್ಕಳ ಚಿತ್ರಪುಸ್ತಕಗಳ ಹೆಸರಾಂತ ಕಲಾವಿದ ಸೇಜೊ ತಾಶಿಮಾ ಆ ಮೂವರನ್ನೇ ನಾಯಕರನ್ನಾಗಿಸಿ ಒಂದು ಕತೆ ಹೆಣೆದು, ಅದನ್ನು ಇಡೀ ಶಾಲೆಯೊಳಗೆ ಹರಡಿದರು. ನೀರಿನಲ್ಲಿ ತೇಲಿಬಂದ ಮರದ ತುಂಡು, ಕಾಡಿನ ಕಾಯಿಗಳಿಗೆ ಬಣ್ಣ ಹಚ್ಚಿ ಮಾಡಿದ ಆಕೃತಿಗಳು ತರಗತಿಗಳಲ್ಲಿ ಓಡುತ್ತವೆ, ಚಾವಣಿಯಿಂದ ಜೋತಾಡುತ್ತವೆ. 2009ರಲ್ಲಿ ತೆರೆದ ಈ ಮ್ಯೂಸಿಯಂ ಒಳಗೆ ಕಾಲಿಟ್ಟವರು ಚಿತ್ರಪುಸ್ತಕದ ಪುಟಗಳ ನಡುವೆಯೇ ನಡೆದಾಡುತ್ತಾರೆ.

ಮತ್ಸುನೊಯಾಮಾದ ಇನ್ನೊಂದು ಹಳೆಯ ಶಾಲೆಯಲ್ಲಿರುವುದು ಫ್ರಾನ್ಸಿನ ಕ್ರಿಸ್ತಿಯಾನ್ ಬೊಲ್ತಾನ್ಸ್ಕಿ ಮತ್ತು ಜಾನ್ ಕಲ್ಮನ್ 2006ರಲ್ಲಿ ರಚಿಸಿದ ‘ಕೊನೆಯ ತರಗತಿ’. ಮಬ್ಬುಗತ್ತಲ ವ್ಯಾಯಾಮಶಾಲೆಯ ತುಂಬ ಹುಲ್ಲಿನ ವಾಸನೆ, ತೂಗಾಡುವ ಬಲ್ಬುಗಳು, ಬೆಂಚುಗಳ ಮೇಲೆ ತಿರುಗುವ ಫ್ಯಾನುಗಳು. ಮೇಲಿನ ಕೋಣೆಯಿಂದ ಹೃದಯದ ಬಡಿತ ಕೇಳುತ್ತದೆ. ಶಾಲೆ ಮುಚ್ಚಿದ ಊರಿನ ದುಃಖ ಇಲ್ಲಿ ಮೈಗೇ ತಾಗುತ್ತದೆ.

ಮೆಟ್ಟಿಲು ಗದ್ದೆಗಳಿಗೆ ಹೆಸರಾದ ಹೊಶಿತೊಗೆಯ ಪಾಳುಮನೆಯೊಂದನ್ನು ನಿಹೊನ್ ವಿಶ್ವವಿದ್ಯಾಲಯದ ಕಲಾ ವಿಭಾಗದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿಯಿಂದ ಕೆತ್ತಿದರು. ಕಂಬ, ಗೋಡೆ, ನೆಲ, ಚಾವಣಿ ಯಾವುದನ್ನೂ ಬಿಡಲಿಲ್ಲ. ಹೊಗೆ ಹಿಡಿದು ಕಪ್ಪಾದ ಮರದ ಮೈಮೇಲೆಲ್ಲ ಉಳಿಯ ಗೀರುಗಳು ಬಿಳಿಚಾಗಿ ಹೊಳೆಯುತ್ತವೆ. ಈಗ ಅಲ್ಲಿ ಪ್ರವಾಸಿಗರು ರಾತ್ರಿ ತಂಗಬಹುದು.

ಉಳಿಸಿಕೊಂಡವರು

ಉದ್ಘಾಟನೆಯ ದಿನ ಯಾವ ಕಲೆಯೂ ಚೆಂದವೇ. ಹತ್ತು ವರ್ಷದ ನಂತರ ಅದನ್ನು ಒರೆಸುವವರು ಯಾರು ಎಂಬುದೇ ನಿಜವಾದ ಪರೀಕ್ಷೆ. ಇಲ್ಲಿ ‘ಕೊಹೆಬಿ’ ಎಂಬ ಸ್ವಯಂಸೇವಕರ ಪಡೆಯಿದೆ. ನಗರಗಳಿಂದ ಬರುವ ವಿದ್ಯಾರ್ಥಿಗಳು, ಉದ್ಯೋಗಿಗಳು, ನಿವೃತ್ತರು ಕೃತಿ ಕಟ್ಟಲು ನೆರವಾಗುತ್ತಾರೆ, ಹಿಮ ತೆಗೆಯುತ್ತಾರೆ, ಕಳೆ ಕೀಳುತ್ತಾರೆ. 2004ರ ಅಕ್ಟೋಬರ್ 23ರಂದು ಈ ಭಾಗವನ್ನು ಭೂಕಂಪ ನಡುಗಿಸಿದಾಗ ಹಳ್ಳಿಗರ ಮನೆಗಳನ್ನು ಒಪ್ಪ ಮಾಡಲು ಬಂದವರಲ್ಲಿ ಇವರೂ ಇದ್ದರು. ಅನುಮಾನದಿಂದ ನೋಡುತ್ತಿದ್ದ ಊರು ಇವರನ್ನು ನಂಬಿದ್ದು ಇಂಥ ಕೆಲಸಗಳಿಂದಲೇ. ಭೂಕಂಪದ ನಂತರ ದುರಸ್ತಿಗೊಂಡ, 1924ರಲ್ಲಿ ಕಟ್ಟಿದ ಹುಲ್ಲು ಚಾವಣಿಯ ‘ಉಬುಸುನಾ’ ಮನೆಯಲ್ಲಿ ಊರಿನ ಹೆಂಗಸರೇ ತಮ್ಮ ನೆಲದ ತರಕಾರಿಯಿಂದ ಅಡುಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಾರೆ.

ಒಡೆಯರು ಬಿಟ್ಟ ಗದ್ದೆಗಳಿಗೆ ಹೊರ ಊರಿನವರು ಹಣ ಕೊಟ್ಟು ಪಾಲುದಾರರಾಗಿ ಅಕ್ಕಿ ಪಡೆಯುವ ವ್ಯವಸ್ಥೆಯೂ ಇದೆ. 2015ರಲ್ಲಿ ಆರಂಭವಾದ ‘ಎಫ್‌ಸಿ ಎಚಿಗೊ–ತ್ಸುಮಾರಿ’ ಮಹಿಳಾ ಫುಟ್‌ಬಾಲ್ ತಂಡದ ಆಟಗಾರ್ತಿಯರು ಇಲ್ಲೇ ನೆಲೆಸಿ, ಆಟದ ಜೊತೆಗೆ ಈ ಗದ್ದೆಗಳ ಬೇಸಾಯವನ್ನೂ ಮಾಡುತ್ತಾರೆ.

ಭಾರತದ ಎಳೆ

ತೊಕಾಮಾಚಿಗೆ ಭಾರತದ ನಂಟು ಉತ್ಸವಕ್ಕಿಂತ ಹಳೆಯದು. 1982ರಲ್ಲಿ ತೊಕಿಯೊ ಹಸೆಗಾವಾ ಇಲ್ಲಿನ ಮುಚ್ಚಿದ ಶಾಲೆಯೊಂದರಲ್ಲಿ ಮಿಥಿಲಾ ಮ್ಯೂಸಿಯಂ ತೆರೆದರು. ಮಧುಬನಿಯ ಗಂಗಾದೇವಿ, ವಾರ್ಲಿ ಚಿತ್ರಗಾರ ಜಿವ್ಯಾ ಸೋಮಾ ಮಾಶೆ ಅಲ್ಲಿ ತಂಗಿ ಚಿತ್ರ ಬರೆದರು. ಈ ನಂಟಿನಲ್ಲಿ ನೋವೂ ಇದೆ. ಗೊಂಡ ಚಿತ್ರಕಲೆಗೆ ಹೊಸ ದಾರಿ ತೆರೆದ ಜನಗಢ ಸಿಂಗ್ ಶ್ಯಾಮ್ 2001ರಲ್ಲಿ ಅಲ್ಲಿದ್ದಾಗಲೇ ಆತ್ಮಹತ್ಯೆ ಮಾಡಿಕೊಂಡರು. ದೂರದಿಂದ ಕಲಾವಿದರನ್ನು ಕರೆಸಿಕೊಳ್ಳುವ ಎಲ್ಲರೂ ಅವರ ಕೆಲಸದಷ್ಟೇ ಕಾಳಜಿಯಿಂದ ಅವರ ಯೋಗಕ್ಷೇಮವನ್ನೂ ನೋಡಿಕೊಳ್ಳಬೇಕೆಂದು ಆ ಸಾವು ಹೇಳುತ್ತದೆ.

ಉತ್ಸವದಿಂದ ಎಲ್ಲವೂ ಸರಿಹೋಯಿತೇ? ಇಲ್ಲ. ಇಲ್ಲಿನ ಜನಸಂಖ್ಯೆ ಇಂದಿಗೂ ಇಳಿಯುತ್ತಿದೆ. ಆದರೆ ಬೀಳುಬೀಳಬೇಕಿದ್ದ ಎಷ್ಟೋ ಗದ್ದೆಗಳಲ್ಲಿ ಭತ್ತವಿದೆ. ಬಿದ್ದುಹೋಗಬೇಕಿದ್ದ ಮನೆಗಳಲ್ಲಿ ದೀಪ ಉರಿಯುತ್ತದೆ. ವಯಸ್ಸಾದವರಿಗೆ ತಮ್ಮ ಊರಿನ ಬಗ್ಗೆ ಹೇಳಲು ಕೇಳುಗರಿದ್ದಾರೆ.

ನಮ್ಮ ಮಲೆನಾಡಿನಲ್ಲೂ ಮನೆಗಳು ವೃದ್ಧರ ಪಾಲಾಗುತ್ತಿವೆ, ಕನ್ನಡ ಶಾಲೆಗಳಿಗೆ ಬೀಗ ಬೀಳುತ್ತಿದೆ. ಉತ್ಸವಕ್ಕೆಂದು ನಾವು ಬರೆಸಿದ ಗೋಡೆಚಿತ್ರ ಎರಡು ಮಳೆಗಾಲಕ್ಕೆ ಮಾಸುತ್ತದೆ. ಎಚಿಗೊ–ತ್ಸುಮಾರಿಯ ಶಿಲ್ಪಗಳನ್ನು ನಕಲು ಮಾಡುವ ಅಗತ್ಯ ನಮಗಿಲ್ಲ. ಮೊದಲು ಊರಿನವರನ್ನು ಕೇಳುವುದು, ಅವರ ವಿರೋಧಕ್ಕೆ ಕಿವಿಗೊಡುವುದು, ಉದ್ಘಾಟನೆಯ ಮರುದಿನದಿಂದ ಕೃತಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಆಗಲೇ ಗೊತ್ತು ಮಾಡಿಕೊಳ್ಳುವುದು, ಈ ಮೂರನ್ನು ಕಲಿತರೆ ಸಾಕು.

ಜಪಾನ್ ಪ್ರವಾಸದ ಯೋಚನೆಯಿರುವ ಕನ್ನಡಿಗರು ಟೋಕಿಯೊ, ಕ್ಯೋಟೊ ನಡುವೆ ಎರಡು ದಿನವನ್ನು ಈ ಹಳ್ಳಿಗಳಿಗೆ ಮೀಸಲಿಡಬಹುದು. ಟೋಕಿಯೊದಿಂದ ಶಿಂಕಾನ್ಸೆನ್ ರೈಲಿನಲ್ಲಿ ಎಚಿಗೊ–ಯುಜಾವಾಕ್ಕೆ ಸುಮಾರು ಒಂದೂಕಾಲು ಗಂಟೆ. ಅಲ್ಲಿಂದ ಹೊಕುಹೊಕು ಮಾರ್ಗದ ರೈಲು ತೊಕಾಮಾಚಿ, ಮತ್ಸುದಾಯ್ ತಲುಪಿಸುತ್ತದೆ. ಶಾಶ್ವತ ಕೃತಿಗಳಲ್ಲಿ ಹಲವನ್ನು ಉತ್ಸವವಿಲ್ಲದ ವರ್ಷಗಳಲ್ಲೂ ನೋಡಬಹುದು. ಚಳಿಗಾಲದಲ್ಲಿ ಬಹಳಷ್ಟು ಹಿಮದಡಿ ಸೇರುವುದರಿಂದ ವಸಂತದಿಂದ ಶರತ್ಕಾಲದ ಕೊನೆಯವರೆಗಿನ ಅವಧಿಯೇ ಸೂಕ್ತ.